ಮುಂದಿನ ತಿಂಗಳು ಯಾರದು?

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಅಂಗಡಿಗೆ ಇಬ್ಬರು ಬಂದರು. 24 ಪ್ರಿಂಟ್‌ಗಳಿಗೆ ಕಟ್ಟು, ಅಂದರೆ ಫ್ರೇಮ್, ಹಾಕಿಕೊಡಬೇಕು, ಎಲ್ಲಕ್ಕೂ ಒಂದೇ ಅಳತೆ, ಒಂದೇ ಬೀಡಿಂಗ್, ಎಷ್ಟಾಗುತ್ತೆ ಹೇಳಿ ಎಂದರು. ಯಾವ ಆಫೀಸಿಗೆ ಎಂದು ಕೇಳಿದೆ. ಆಫೀಸಿಗಲ್ಲ, ನಮ್ಮ ಬಡಾವಣೆಯ ಚಿತ್ರಶಾಲೆಗೇ ಎಂದರು. ಅದರ ಕಮಿಟಿಯವರು ಅವರು. ಇನ್ನು ಮೇಲೆ ಅಲ್ಲಿ ತಿಂಗಳಿಗೊಂದು ಪ್ರದರ್ಶನ ಇರುವುದಿಲ್ಲವಂತೆ. ಹಳೇ ಬೆಂಗಳೂರಿನ ಫೋಟೋಗಳನ್ನು ಪ್ರಿಂಟ್ ತೆಗೆಸಿ ಕಾಯಂ ಆಗಿ ಹಾಕಿಬಿಡುತ್ತಾರಂತೆ. ಒಂದು ಸಲ ಮೊಳೆ ಹೊಡೆದರೆ ಹತ್ತು ವರ್ಷ ತಲೆನೋವಿಲ್ಲ ಅಂದರು.

24 ಕಟ್ಟು ಅಂದರೆ ನನ್ನಂಥ ಸಣ್ಣ ಅಂಗಡಿಗೆ ದೊಡ್ಡ ಆರ್ಡರ್. ಆದರೂ ಬೆಲೆ ಹೇಳಲು ಬಾಯಿ ಬರಲಿಲ್ಲ. ನಾಳೆ ಬನ್ನಿ ಎಂದು ಕಳಿಸಿದೆ. ರಾತ್ರಿಯೆಲ್ಲಾ ಯೋಚಿಸಿ, ಮಾರನೇ ದಿನ ಅವರಿಗೆ ಹೇಳಿದ್ದನ್ನೇ ನಿಮ್ಮ ಪತ್ರಿಕೆಯ ಮೂಲಕ ಎಲ್ಲರಿಗೂ ಹೇಳೋಣ ಎಂದು ಬರೆಯುತ್ತಿದ್ದೇನೆ.

ನಾನು ಚಿತ್ರ ಬರೆಯುವವಳಲ್ಲ. ಚಿತ್ರಕ್ಕೆ ಕಟ್ಟು ಹಾಕುವವಳು. ಬಸವನಗುಡಿಯ ಈಚೆಗೆ ಅಪ್ಪ ಇಟ್ಟ ಅಂಗಡಿ. ಅವರ ಕಾಲದಲ್ಲಿ ದೇವರ ಪಟ, ತೀರಿಕೊಂಡವರ ಫೋಟೋ, ಮದುವೆಯ ಗ್ರೂಪ್ ಫೋಟೋ, ಇಷ್ಟೇ ಜಾಸ್ತಿ ಬರುತ್ತಿದ್ದದ್ದು. ಈಗಲೂ ಹೊಟ್ಟೆ ತುಂಬಿಸುವುದು ಅವೇ. ಆದರೆ ನಡುವೆ ಯಾರೋ ಒಬ್ಬರು ಸುರುಳಿ ಸುತ್ತಿದ ಕಾಗದ ಹಿಡಿದುಕೊಂಡು ಸಂಕೋಚದಿಂದ ಬಾಗಿಲಲ್ಲಿ ನಿಲ್ಲುತ್ತಾರೆ. ನಾನೇ ಬರೆದದ್ದು, ಚೆನ್ನಾಗಿದೆಯಾ ಗೊತ್ತಿಲ್ಲ, ಸುಮ್ನೆ ಒಂದು ಕಟ್ಟು ಹಾಕಿಕೊಡಿ ಅನ್ನುತ್ತಾರೆ. ಬ್ಯಾಂಕಿನವರು, ಟೈಲರ್, ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಮಗುವನ್ನು ಮಲಗಿಸಿ ರಾತ್ರಿ ಕೂತು ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ರೇಕು ಅಂಟಿಸುವ ತಾಯಿ. ಆ ಚಿತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ನನಗೆ ಗೊತ್ತು. ಮೊದಲನೆಯದು ಹಾಲಿನ ಗೋಡೆಗೆ. ಎರಡನೆಯದು ರೂಮಿಗೆ. ಮೂರನೆಯದರಿಂದ ಎಲ್ಲಾ ಅಟ್ಟಕ್ಕೆ.

ಅಟ್ಟದಿಂದ ಅವನ್ನು ಕೆಳಗಿಳಿಸಿದ್ದು ನಮ್ಮ ಈ ಚಿತ್ರಶಾಲೆ. ಹೆಸರು ದೊಡ್ಡದು, ಜಾಗ ಚಿಕ್ಕದು. ಸಮುದಾಯ ಭವನದ ಮೇಲ್ಮಹಡಿಯ ಒಂದು ಉದ್ದನೆಯ ಹಾಲ್, ಅಷ್ಟೇ. ಮೊದಲು ಅಲ್ಲಿ ಮುರಿದ ಕುರ್ಚಿ ಪೇರಿಸಿದ್ದರು. ಕೆಲವು ಹಿರಿಯರು ಹಟ ಹಿಡಿದು ಅದನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಎಸ್‌.ಪಿ. ರಸ್ತೆಯಿಂದ ಲೈಟ್ ತಂದು ಹಾಕಿಸಿದರು. ತಿಂಗಳಿಗೆ ಒಬ್ಬ ಕಲಾವಿದರು. ಸುತ್ತಮುತ್ತಲ ಬೀದಿಗಳಲ್ಲಿ ವಾಸ ಇರಬೇಕು, ಅದೊಂದೇ ನಿಯಮ. ಬಾಡಿಗೆ ಇಲ್ಲ. ಮಾರಾಟವಾದರೆ ಕಮಿಷನ್ ಇಲ್ಲ. ಖಾಸಗಿ ಗ್ಯಾಲರಿಗಳಲ್ಲಿ ಮಾರಾಟದ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಷನ್ ಹೋಗುತ್ತದೆ. ಅವರಿಗೆ ಅವರ ಖರ್ಚು ಇರುತ್ತದೆ, ತಪ್ಪೆನ್ನುವುದಿಲ್ಲ. ಆದರೆ ಮೊದಲ ಸಲ ಚಿತ್ರ ಹೊರಗೆ ತರುವವರು ಆ ಬಾಗಿಲವರೆಗೂ ಹೋಗುವುದೇ ಇಲ್ಲ, ಅಲ್ವಾ?

ಶುರುವಿನಿಂದಲೂ ಚಿತ್ರ ನೇತುಹಾಕುವ ಕೆಲಸಕ್ಕೆ ನಾನು ಹೋಗುತ್ತಿದ್ದೇನೆ. ತಿಂಗಳ ಮೊದಲ ಸೋಮವಾರ ಅಂಗಡಿಗೆ ರಜ. ಟೇಪು, ಮಟ್ಟಗೋಲು, ನೈಲಾನ್ ದಾರ, ಒಂದು ಡಬ್ಬ ಪುಟ್ಟಿ ತೆಗೆದುಕೊಂಡು ಮೆಟ್ಟಿಲು ಹತ್ತುತ್ತೇನೆ. ಹಳೆಯವು ಇಳಿದ ಮೇಲೆ ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಬಿಳಿ ಬಣ್ಣ ಮುಟ್ಟಿಸಬೇಕು. ಹೊಸ ಚಿತ್ರಗಳನ್ನು ಮೊದಲು ಗೋಡೆಯ ಬುಡಕ್ಕೆ ಸಾಲಾಗಿ ಒರಗಿಸಿ ನೋಡುತ್ತೇವೆ. ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಅದರ ನಡುಮಧ್ಯ ನೆಲದಿಂದ ಸುಮಾರು 5 ಅಡಿಗೆ ಬರಬೇಕು. ನಿಂತು ನೋಡುವವರ ಕಣ್ಣು ಅಲ್ಲಿರುತ್ತದೆ. ನಮ್ಮಲ್ಲಿ ಮಕ್ಕಳು ಜಾಸ್ತಿ ಬರುವುದರಿಂದ ಮೂರು ನಾಲ್ಕು ಇಂಚು ಕೆಳಗೇ ಹಾಕುತ್ತೇವೆ. ಸಂಜೆ ಐದರ ಹೊತ್ತಿಗೆ ಗೋಡೆ ಬೇರೆಯೇ ಆಗಿರುತ್ತದೆ.

ಅದೇ ಹೊತ್ತಿಗೆ ಕೆಳಗಡೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಪಕ್ಕದ ರಸ್ತೆಯಲ್ಲಿ ಒಬ್ಬರು ಬೋರ್ಡ್ ಬರೆಯುವವರು ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಒಂದು ಕಾಲದಲ್ಲಿ ಗಾಂಧಿ ಬಜಾರ್, ಚಾಮರಾಜಪೇಟೆ ಕಡೆ ಎಷ್ಟೋ ಅಂಗಡಿಗಳ ಹೆಸರು ಇವರ ಕೈಯದೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಮನೆಗಳಿಗೆ ಬಣ್ಣ ಬಳಿಯುವ ಕೂಲಿಗೆ ಹೋದರು. ಆದರೆ ಬ್ರಷ್ ಬಿಡಲಿಲ್ಲ. ತಗಡಿನ ತುಂಡುಗಳ ಮೇಲೆ ಎನಾಮಲ್ ಬಣ್ಣದಲ್ಲಿ, ತಾವು ಹಿಂದೆ ಬರೆದ ಅಂಗಡಿಗಳನ್ನೇ ನೆನಪಿನಿಂದ ಬರೆಯುತ್ತಾ ಬಂದರು. ಬಾಗಿಲು, ಮೆಟ್ಟಿಲು, ತೂಗುಹಾಕಿದ ಬಾಳೆಗೊನೆ, ಮೇಲೆ ಆ ಬೋರ್ಡು. 22 ತಗಡು ಆಗಿತ್ತು. ಹೆಂಡತಿಗೆ ಬಿಟ್ಟರೆ ಯಾರಿಗೂ ತೋರಿಸಿರಲಿಲ್ಲ.

ಅವರ ತಿಂಗಳು ಬಂದಾಗ ಆದದ್ದನ್ನು ನಾನು ಕಣ್ಣಾರೆ ಕಂಡೆ. ಜನ್ಮದಲ್ಲಿ ಚಿತ್ರಶಾಲೆಯ ಮೆಟ್ಟಿಲು ಹತ್ತದವರು ಬಂದರು. ದರ್ಶಿನಿಯಲ್ಲಿ ದೋಸೆ ಹಾಕುವ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಬಂದು, ಇದು ನಮ್ಮ ಓನರ್ ಅಪ್ಪನ ಕಾಲದ ಬೋರ್ಡ್ ಎಂದು ಗುರುತು ಹಿಡಿದರು. ಇಸ್ತ್ರಿ ಅಂಗಡಿಯವರು ಬಂದರು. ಹೂ ಮಾರುವ ಅಜ್ಜಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದು ಒಂದು ತಗಡಿನ ಮುಂದೆ ತುಂಬಾ ಹೊತ್ತು ನಿಂತರು. ಆ ಅಂಗಡಿಯ ಜಗುಲಿಯ ಮೇಲೆ ಅವರು ವರ್ಷಾನುಗಟ್ಟಲೆ ಕೂತು ಹೂ ಕಟ್ಟಿದ್ದರಂತೆ. ಈಗ ಅಲ್ಲಿ ಮೊಬೈಲ್ ಶೋರೂಮ್ ಇದೆ.

ಕೊನೆಯ ಭಾನುವಾರ ಮಕ್ಕಳಿಗೆ ಅವರು ಅಕ್ಷರ ಬರೆದು ತೋರಿಸಿದರು. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಎರಡೂ ಕಡೆ ಬಿಗಿಹಿಡಿದು, ಮಧ್ಯೆ ಎಳೆದು ಬಿಟ್ಟರು. ತಗಡಿನ ಮೇಲೆ ಕೂದಲೆಳೆಯಂಥ ಬಿಳಿ ಗೆರೆ ಬಿತ್ತು. ಎಡಗೈಯ ಕೋಲಿನ ಮೇಲೆ ಬಲಗೈ ಮಣಿಕಟ್ಟು ಊರಿ, ಮೊದಲು ಅಕ್ಷರಗಳ ಹೊಟ್ಟೆ ಎಲ್ಲಾ ಬರೆದರು. ಆಮೇಲೆ ಆ ತುದಿಯಿಂದ ಈ ತುದಿಗೆ ಬಂದು ತಲೆಕಟ್ಟುಗಳನ್ನು ಎಳೆದರು. ಹಾಗೆ ಮಾಡಿದರೆ ಎಲ್ಲಾ ತಲೆಕಟ್ಟೂ ಒಂದೇ ಉಸಿರಿನಲ್ಲಿ ಬಂದ ಹಾಗಿರುತ್ತದೆ ಎಂದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನೂ ಅಷ್ಟೇ. ದಿನಾ ಓದುವ ನಮ್ಮ ಅಕ್ಷರದ ತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಅವತ್ತಿನಿಂದ ಪ್ರತಿ ತಿಂಗಳ ಬೋರ್ಡ್ ಬರೆಯುವ ಕೆಲಸ ಅವರದ್ದು. ಹೋದ ತಿಂಗಳ ಹೆಸರಿನ ಮೇಲೆ ಒಂದು ಕೋಟ್ ಹಳದಿ ಬಳಿಯುತ್ತಾರೆ. ಒಣಗಿದ ಮೇಲೆ ಹೊಸಬರ ಹೆಸರನ್ನು ಕೆಂಪಿನಲ್ಲಿ ಬರೆಯುತ್ತಾರೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಬೋರ್ಡ್ ನೋಡಬೇಕು. ಹಳದಿಯ ಅಡಿಯಲ್ಲಿ ಹಳೇ ಹೆಸರುಗಳ ಉಬ್ಬು ಒಂದರ ಮೇಲೊಂದು ಕಾಣುತ್ತದೆ.

ಅವರು ಬಣ್ಣ ಬಳಿಯುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಹಾಲಿನ ಪ್ಯಾಕೆಟ್ ಹಿಡಿದವರು, ಸ್ಕೂಲ್ ವ್ಯಾನಿಗೆ ಕಾಯುವವರು. ಕೇಳುವುದು ಒಂದೇ ಪ್ರಶ್ನೆ. ಮುಂದಿನ ತಿಂಗಳು ಯಾರದು? ಕಾಯಂ ಫೋಟೋ ಹಾಕಿದ ಮೇಲೆ ಈ ಪ್ರಶ್ನೆ ಯಾರು ಕೇಳುತ್ತಾರೆ? ಒಂದು ಸಲ ಬಂದು ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ. ಎರಡನೇ ಸಲ ಯಾಕೆ ಬರಬೇಕು? ಆರು ತಿಂಗಳಲ್ಲಿ ಲೈಟ್ ಹಾಕುವುದು ನಿಲ್ಲುತ್ತದೆ. ವರ್ಷದಲ್ಲಿ ಮುರಿದ ಕುರ್ಚಿಗಳು ವಾಪಸ್ ಬರುತ್ತವೆ. ಎಷ್ಟು ಆಫೀಸುಗಳ ಕಾರಿಡಾರಿಗೆ ನಾನೇ ಕಟ್ಟು ಹಾಕಿ ಕೊಟ್ಟಿದ್ದೇನೆ, ಈಗ ಹೋಗಿ ನೋಡಿದರೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು.

ಕಾಯಂ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದು ನನ್ನ ಕಸುಬಿನದು.

ನಮ್ಮ ಎರಡನೇ ಪ್ರದರ್ಶನ ಒಬ್ಬ ರಿಟೈರಾದ ಟೀಚರ್ ಅವರದ್ದು. ಜಲವರ್ಣದಲ್ಲಿ ಬೆಂಗಳೂರಿನ ಮರಗಳು. ಈ ಊರಿಗೆ ಆ ಚಾಳಿ ಹಳೆಯದು. ರುಮಾಲೆ ಚನ್ನಬಸವಯ್ಯನವರು (1910–1988) ಇಲ್ಲಿಯ ಹೂಬಿಟ್ಟ ಮರಗಳನ್ನು ಬಯಲಲ್ಲೇ ಕೂತು ಬರೆದರು. ಸ್ವಾತಂತ್ರ್ಯ ಹೋರಾಟಗಾರರು ಅವರು, ಪತ್ರಿಕೆ ನಡೆಸಿದವರು, ಆದರೂ ಬಣ್ಣದ ಪೆಟ್ಟಿಗೆ ಬಿಡಲಿಲ್ಲ. ನಮ್ಮ ಟೀಚರ್ ಬರೆದ ಗುಲಾಬಿ ಟಬೂಬಿಯಾ ಎಲ್ಲರಿಗೂ ಎಷ್ಟು ಇಷ್ಟವಾಯಿತು ಅಂದರೆ, ಇದೊಂದು ಇಲ್ಲೇ ಇರಲಿ ಎಂದು ಕಿಟಕಿ ಪಕ್ಕದ ಗೋಡೆಯಲ್ಲಿ ಬಿಟ್ಟರು. ನಾನೂ ಹೂಂ ಅಂದೆ. ತಪ್ಪು ಮಾಡಿದೆ.

ಎಂಟು ತಿಂಗಳ ಮೇಲೆ ಗಾಜು ಒರೆಸಲು ಇಳಿಸಿದೆ. ಒಳಗೆ ಹುಳ ಹೋದ ಹಾಗಿತ್ತು, ಹಿಂದಿನ ಬೋರ್ಡ್ ಬಿಚ್ಚಿ, ಚಿತ್ರದ ಸುತ್ತ ಅಂಚಾಗಿ ಕೂರಿಸುವ ದಪ್ಪ ರಟ್ಟು, ಅಂದರೆ ಮೌಂಟ್, ಎತ್ತಿದೆ. ಮೌಂಟಿನ ಅಂಚು ಚಿತ್ರದ ಮೇಲೆ ಕಾಲು ಇಂಚು ಕೂತಿರುತ್ತದೆ. ಆ ಕಾಲು ಇಂಚಿನಲ್ಲಿ, ಬೆಳಕು ಬೀಳದ ಕಡೆ, ಟಬೂಬಿಯಾ ಹೂ ಬರೆದ ದಿನದ ಹಾಗೇ ಗುಲಾಬಿ. ಅದರ ಪಕ್ಕದಲ್ಲೇ, ಅದೇ ಕೊಂಬೆಯ ಅದೇ ಗೊಂಚಲು, ತೊಳೆದು ತೊಳೆದು ಬಣ್ಣ ಬಿಟ್ಟ ರವಿಕೆಯ ಹಾಗಿತ್ತು. ಮಧ್ಯೆ ಸ್ಕೇಲು ಇಟ್ಟು ಗೆರೆ ಎಳೆದಂಥ ಅಂಚು. ಟೀಚರ್‌ಗೆ ತೋರಿಸುವಾಗ ನನ್ನ ಕೈ ನಡುಗುತ್ತಿತ್ತು. ಅವರು ಏನೂ ಬೈಯಲಿಲ್ಲ. ಆ ಅಂಚಿನ ಮೇಲೆ ಮೆಲ್ಲಗೆ ಬೆರಳು ಆಡಿಸಿದರು, ಅಷ್ಟೇ.

ಕಾಗದದ ಮೇಲಿನ ಬಣ್ಣಕ್ಕೆ ಬೆಳಕು ಅಂದರೆ ಸವೆತ. ಒಂದು ಸಲ ಹೋದ ಬಣ್ಣ ಕತ್ತಲಲ್ಲಿಟ್ಟರೂ ವಾಪಸ್ ಬರುವುದಿಲ್ಲ. ಅದಕ್ಕೇ ಮ್ಯೂಸಿಯಂಗಳಲ್ಲಿ ಜಲವರ್ಣಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಕೆಲವು ತಿಂಗಳು ತೋರಿಸಿ, ಇಳಿಸಿ, ಕತ್ತಲಲ್ಲಿ ವಿಶ್ರಾಂತಿ ಕೊಡುತ್ತಾರೆ. ನಮ್ಮ ಹಾಲಿನ ಕಿಟಕಿ ಪಕ್ಕ ಹಗಲು ಹೊತ್ತಿನಲ್ಲಿ ಸಾವಿರ ಲಕ್ಸ್ ದಾಟುತ್ತದೆ. ಗುಲಾಬಿ, ಕ್ರಿಮ್ಸನ್ ಥರದ ಕೆಂಪುಗಳು ಎಲ್ಲಕ್ಕಿಂತ ಮೊದಲು ಹೋಗುತ್ತವೆ, ಅದರಲ್ಲೂ ಕಡಿಮೆ ಬೆಲೆಯ ಪೆಟ್ಟಿಗೆಯವು. ಈಗ ಹಾಕಬೇಕೆಂದಿರುವ ಪ್ರಿಂಟ್‌ಗಳಿಗೂ ಇದೇ ಗತಿ. ಹತ್ತು ವರ್ಷ ತಲೆನೋವಿಲ್ಲ ಅಂದವರಿಗೆ ನಾನು ಆ ಟಬೂಬಿಯಾ ಚಿತ್ರವನ್ನೇ ತೋರಿಸಿದೆ. ತಿಂಗಳಿಗೊಮ್ಮೆ ಇಳಿಸುವುದು ಕಲಾವಿದರಿಗೆ ಸರದಿ ಸಿಗಲಿ ಅಂತ ಮಾತ್ರ ಅಲ್ಲ, ಚಿತ್ರ ಉಳಿಯಲಿ ಅಂತಲೂ ಹೌದು.

ಬೆಂಗಳೂರಿನಲ್ಲಿ ಚಿತ್ರ ತೋರಿಸಲು ಜಾಗ ಇಲ್ಲವೇ ಎಂದು ಕೇಳಬಹುದು. ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು 1960ರಿಂದ ಇದೆ. ಅಲ್ಲಿಯ ಚಿತ್ರಸಂತೆ ಶುರುವಾಗಿ 20 ವರ್ಷ ಮೇಲಾಯಿತು. ಸಾವಿರಕ್ಕೂ ಜಾಸ್ತಿ ಕಲಾವಿದರು ರಸ್ತೆಯಲ್ಲೇ ಚಿತ್ರ ಹರಡಿಕೊಂಡು ಕೂರುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ನಾನೂ ಹೋಗುತ್ತೇನೆ, ಬೆಳಿಗ್ಗೆ ಬೇಗ. ಆದರೆ ಅದು ವರ್ಷಕ್ಕೆ ಒಂದು ಭಾನುವಾರ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಅದು ದೊಡ್ಡವರ ಮನೆ, ಇರಬೇಕಾದದ್ದೇ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಕಥೆ ಬೇರೆ. ಅಲ್ಲಿಯ ಹಾಲ್‌ಗಳಲ್ಲಿ ಕಡಿಮೆ ಬಾಡಿಗೆಗೆ ಮೊದಲ ಪ್ರದರ್ಶನ ಮಾಡಿ ಮುಂದೆ ಬಂದವರು ಎಷ್ಟೋ ಜನ. 2016ರ ಹೊತ್ತಿಗೆ ಅದನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗ ಊರಿನ ಕಲಾವಿದರು ಬೀದಿಗಿಳಿದರು. ಯಾಕೆ ಅಷ್ಟು ಬೇಗುದಿ ಎಂದು ಆಗ ಕೆಲವರು ಕೇಳಿದರು. ಗೋಡೆ ಕಳೆದುಕೊಂಡವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಇವೆಲ್ಲಾ ಊರಿನ ನಡುವೆ ಇವೆ. ನಮ್ಮ ಹೂ ಮಾರುವ ಅಜ್ಜಿ ಬಸ್ಸು ಹತ್ತಿ ಅಲ್ಲಿಗೆ ಹೋಗುವುದಿಲ್ಲ. ಬುಟ್ಟಿ ಬಿಟ್ಟು ಹೋಗುವುದೆಲ್ಲಿಗೆ? ನಡೆದು ಹೋಗುವಷ್ಟು ದೂರದಲ್ಲಿ, ಗುರುತಿನವರ ಚಿತ್ರ ಇದ್ದರೆ ಬರುತ್ತಾರೆ.

ಕಮಿಟಿಯವರ ಕಷ್ಟವೂ ನನಗೆ ಗೊತ್ತು. ಪ್ರತಿ ತಿಂಗಳು ಪುಟ್ಟಿ, ಬಣ್ಣದ ಖರ್ಚು. ಸಂಜೆ ಬಾಗಿಲು ಕಾಯಲು ಜನ ಬೇಕು. ಕೊನೇ ಗಳಿಗೆಯಲ್ಲಿ ಕೈಕೊಡುವ ಕಲಾವಿದರಿದ್ದಾರೆ. ಎಲ್ಲಾ ತಿಂಗಳೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಒಂದು ಸಲ ಕ್ಯಾಲೆಂಡರ್ ನೋಡಿ ನಕಲು ಮಾಡಿದವೇ ಬಂದಿದ್ದವು. ಇನ್ನೊಂದು ಸಲ ನಮ್ಮವರು ಯಾರು ಎಂಬ ಜಗಳವೇ ಆಯಿತು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಹುಡುಗ ರಾತ್ರಿ ಪಾಳಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಚಿತ್ರಗಳನ್ನು ತಂದಿದ್ದ. ಇವನು ಇಲ್ಲಿಯವನಲ್ಲ ಎಂದು ಒಬ್ಬರು ಅಂದರು. ನಾಲ್ಕು ವರ್ಷದಿಂದ ನಮ್ಮ ಬೀದಿಯ ಗೇಟು ಕಾಯುವವನು ಇಲ್ಲಿಯವನಲ್ಲದೆ ಇನ್ನೆಲ್ಲಿಯವನು? ಅವನ ಚಿತ್ರಗಳು ಗೋಡೆ ಏರಿದವು. ಬೀದಿನಾಯಿಗಳು ಮಲಗುವ ಭಂಗಿಗಳು ಅಷ್ಟೂ. ಅವನ್ನು ನೋಡಲು ಬಂದವರು ಗೇಟಿನ ಹತ್ತಿರ ಈಗ ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ.

ಕಷ್ಟ ಇದ್ದರೆ ಕಡಿಮೆ ಮಾಡೋಣ, ನಿಲ್ಲಿಸುವುದು ಯಾಕೆ? ನನಗೆ ತಿಳಿದ ಎರಡು ದಾರಿ ಹೇಳುತ್ತೇನೆ. ಗೋಡೆಯ ಮೇಲ್ತುದಿಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ ಹಾಕಿಸಿ, ಅದರಿಂದ ಕೊಕ್ಕೆ ಇಳಿಬಿಟ್ಟರೆ ಮೊಳೆಯೇ ಬೇಡ. ಪುಟ್ಟಿ ಬೇಡ, ಬಣ್ಣ ಬೇಡ. ಒಂದು ಸಲದ ಖರ್ಚು.

ಎರಡನೆಯದು ಕಟ್ಟುಗಳದ್ದು. ಹೊಸಬರಿಗೆ ಪ್ರದರ್ಶನದಲ್ಲಿ ದೊಡ್ಡ ಖರ್ಚು ಬಣ್ಣ ಅಲ್ಲ, ಕಾಗದ ಅಲ್ಲ, ಕಟ್ಟು. 20 ಚಿತ್ರಕ್ಕೆ ಕಟ್ಟು ಹಾಕಿಸುವಷ್ಟು ದುಡ್ಡಿಲ್ಲದೆ ಸರದಿ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ. ಜಲವರ್ಣ ಬರೆಯುವವರು ಜಾಸ್ತಿ ಬಳಸುವುದು ಹಾಫ್ ಇಂಪೀರಿಯಲ್ ಕಾಗದ, 22 ಇಂಚು ಉದ್ದ, 15 ಇಂಚು ಅಗಲ. ಮಕ್ಕಳು, ಪೆನ್ನಿನವರು ಎ3 ಬಳಸುತ್ತಾರೆ. ಈ ಎರಡು ಅಳತೆಯಲ್ಲಿ ಚಿತ್ರಶಾಲೆಯದ್ದೇ ಕಟ್ಟುಗಳಿದ್ದರೆ ಸಾಕು. ಹಿಂದಿನ ಬೋರ್ಡಿಗೆ ಮೊಳೆ ಬದಲು ತಿರುಗುವ ಚಿಲಕ ಹಾಕಿದರೆ ಐದು ನಿಮಿಷದಲ್ಲಿ ಚಿತ್ರ ಬದಲಾಯಿಸಬಹುದು. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿದರೆ ಹಗುರ, ಒಡೆಯುವ ಭಯವಿಲ್ಲ. ಕಟ್ಟು ಅಲ್ಲೇ ಇರುತ್ತದೆ, ಒಳಗಿನ ಚಿತ್ರ ತಿಂಗಳಿಗೊಮ್ಮೆ ಬದಲಾಗುತ್ತದೆ.

ಕಮಿಟಿಯವರು ಮಾರನೇ ದಿನ ಬಂದಾಗ ನಾನು ಹೇಳಿದ್ದು ಇದನ್ನೇ. ನೀವು ಕೇಳಿದ 24 ಕಟ್ಟು ಮಾಡಿಕೊಡುತ್ತೇನೆ, ಸಾಮಾನಿನ ಬೆಲೆ ಕೊಟ್ಟರೆ ಸಾಕು, ಕೂಲಿ ಬೇಡ. ಆದರೆ ಅವು ಬಿಚ್ಚುವ ಕಟ್ಟುಗಳಾಗಿರುತ್ತವೆ. ಹಳೇ ಬೆಂಗಳೂರಿನ ಫೋಟೋಗಳನ್ನೂ ಹಾಕೋಣ, ನನಗೂ ಅವು ಇಷ್ಟ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಊರೆಲ್ಲಾ ಬಸವನಗುಡಿಗೆ ಬರುತ್ತದೆ, ಆ ತಿಂಗಳು ಫೋಟೋಗಳದ್ದೇ ಆಗಲಿ. ಜನ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಬಂದು ನೋಡಲಿ. ಉಳಿದ 11 ತಿಂಗಳು ಬದುಕಿರುವವರಿಗೆ ಬಿಡಿ ಎಂದೆ. ಯೋಚಿಸಿ ಹೇಳುತ್ತೇವೆ ಎಂದು ಹೋಗಿದ್ದಾರೆ.

ಈಗ ಊರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ವಾರ್ಡಿಗೊಂದು ಸಮುದಾಯ ಭವನ, ಗ್ರಂಥಾಲಯ ಹುಡುಕಿದರೆ ಸಿಗುತ್ತದೆ. ಮೇಲ್ಮಹಡಿಯಲ್ಲಿ ಮುರಿದ ಕುರ್ಚಿ ಪೇರಿಸಿದ ಹಾಲ್‌ಗಳೂ ಇರುತ್ತವೆ. ಇದನ್ನು ಓದುವವರು ತಮ್ಮ ಕಡೆ ಒಂದು ಸಲ ಮೆಟ್ಟಿಲು ಹತ್ತಿ ನೋಡಲಿ. ಲೈಟು, ಪಟ್ಟಿ, ಕಟ್ಟಿನ ಅಳತೆ ಬೇಕಾದರೆ ಬರೆದುಕೊಡಲು ನಾನು ಸಿದ್ಧ.

ಮುಂದಿನ ತಿಂಗಳ ಸರದಿ ಯಾರದು ಎಂದು ಪಟ್ಟಿಯಲ್ಲಿ ಆಗಲೇ ಬರೆದಿದೆ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಒಬ್ಬ ತಾಯಿ. ಸಾಗರದ ಕಡೆಯವರು. ಅಲ್ಲಿ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದನ್ನು ಇಲ್ಲಿ ಬಾಡಿಗೆ ಮನೆಯ ಗೋಡೆಯ ಮೇಲೆ ಬರೆಯಲು ಓನರ್ ಬಿಡಲಿಲ್ಲ. ಕಾಗದದ ಮೇಲೆ ಬರೆದರು. 18 ಚಿತ್ರಗಳು ಹಳೇ ಪತ್ರಿಕೆಯಲ್ಲಿ ಸುತ್ತಿ ನನ್ನ ಅಂಗಡಿಯ ಬೀರುವಿನ ಮೇಲಿವೆ. ಬೋರ್ಡ್ ಬರೆಯುವವರು ಹಳದಿ ಡಬ್ಬ ತಂದಿಟ್ಟಿದ್ದಾರೆ. ಆ ತಾಯಿಗೆ ನಾನು ಇನ್ನೂ ಏನೂ ಹೇಳಿಲ್ಲ. ಮೊನ್ನೆ ಬಂದು, ಊರಿನಿಂದ ಅಮ್ಮನನ್ನು ಕರೆಸಲಾ, ಯಾವ ತಾರೀಖು ಎಂದು ಕೇಳಿದರು.

ಮೊದಲ ಸೋಮವಾರ ಅಂದೆ.

ಇಂತಿ,
ಫ್ರೇಮ್ ಅಂಗಡಿಯವಳು,
ಬಸವನಗುಡಿ ಹತ್ತಿರ, ಬೆಂಗಳೂರು